ಶಾಲೆಯ ವಿಳಾಸಪುಸ್ತಿಕೆ ಹೊಸ ಕಂಪ್ಯೂಟರಿಗೆ ದಾಟುವಾಗ

ಶಾಲಾ ಕಚೇರಿಗೆ ಹೊಸ ಕಂಪ್ಯೂಟರ್ ಬಂದ ದಿನ ಎಲ್ಲರ ಕಣ್ಣೂ ಹೊಸ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಹಳೆಯದು ಮೂಲೆ ಸೇರುತ್ತದೆ, ಕೆಲವು ದಿನ ಕಳೆದು ಗುಜರಿಗೆ ಹೋಗುತ್ತದೆ. ಸುತ್ತೋಲೆ, ಪ್ರಶ್ನೆಪತ್ರಿಕೆ, ಫೋಟೋಗಳ ಫೋಲ್ಡರುಗಳನ್ನು ಪೆನ್‌ಡ್ರೈವಿಗೆ ತುಂಬಿ ಹೊಸದಕ್ಕೆ ಸುರಿದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಮೂರು ತಿಂಗಳ ಬಳಿಕ ವಾರ್ಷಿಕೋತ್ಸವದ ಆಮಂತ್ರಣ ಕಳುಹಿಸಲು ಕುಳಿತಾಗಲೇ ತಿಳಿಯುವುದು, ವಿಳಾಸಗಳು ಬಂದಿಲ್ಲವೆಂದು.

ಈ ಬಗೆಯ ಬದಲಾವಣೆ ಈಗ ಹಲವು ಕಚೇರಿಗಳಲ್ಲಿ ಅನಿವಾರ್ಯವಾಗಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಅನೇಕವನ್ನು ಒಪ್ಪಿಕೊಳ್ಳುವುದಿಲ್ಲ. ಆದುದರಿಂದ ಹಳೆ ವಿದ್ಯಾರ್ಥಿಗಳು ಎಂದೋ ದಾನವಾಗಿ ಕೊಟ್ಟ ಕಂಪ್ಯೂಟರನ್ನು ಇನ್ನೂ ಬಳಸುತ್ತಿರುವ ಶಾಲೆಗಳು ಅದನ್ನು ಬದಲಿಸಲೇಬೇಕಾಗಿದೆ, ಇಲ್ಲವೇ ಅದರಲ್ಲಿ ಲಿನಕ್ಸ್ ಅಳವಡಿಸಬೇಕಾಗಿದೆ. ಎರಡರಲ್ಲಿ ಯಾವುದನ್ನು ಮಾಡಿದರೂ ವಿಳಾಸಪುಸ್ತಿಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡಲೇಬೇಕು.

ಒಂದು ಕನ್ನಡ ಮಾಧ್ಯಮ ಶಾಲೆಗೆ ಆ ಪಟ್ಟಿ ಎಷ್ಟು ಮುಖ್ಯವೆಂದು ಹೊರಗಿನವರಿಗೆ ಸುಲಭವಾಗಿ ತಿಳಿಯದು. ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಓದಿದವರು ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳು ಎಂದು ಚದುರಿಹೋಗಿದ್ದಾರೆ. ಗ್ರಂಥಾಲಯಕ್ಕೆ ಪುಸ್ತಕ, ಬಡಮಕ್ಕಳಿಗೆ ಕೊಡೆ-ಚೀಲ, ಶಾಲಾ ವಾಹನದ ಡೀಸೆಲಿಗೆ ಹಣ, ಮಕ್ಕಳ ಸಂಖ್ಯೆ ಇಳಿದು ತರಗತಿ ಉಳಿಯುವುದೇ ಕಷ್ಟವಾದಾಗ ನೆರೆಹೊರೆಯ ಮನೆಗಳಿಗೆ ಒಂದು ಮಾತು – ಇವೆಲ್ಲ ಅವರಿಂದ ಬರುತ್ತವೆ. ‘ಸಂಪೂರ್ಣ’ ತಂತ್ರಾಂಶದಲ್ಲಿ ಎಲ್ಲ ಮಕ್ಕಳ ವಿವರವೂ ಇದೆಯಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಆದರೆ ಅದು ದಾಖಲಾತಿಯ ವ್ಯವಸ್ಥೆ. ಇಪ್ಪತ್ತು ವರ್ಷದ ಹಿಂದೆ ವರ್ಗಾವಣೆ ಪತ್ರ ಪಡೆದು ಹೋದ ಹುಡುಗ ಇಂದು ದುಬೈಯಲ್ಲಿ ಯಾವ ಇ-ಮೇಲ್ ಬಳಸುತ್ತಾನೆಂಬುದು ಅದರಲ್ಲಿ ಸಿಗದು. ವಾಟ್ಸಾಪ್ ಗುಂಪು ಒಬ್ಬರ ಫೋನಿನಿಂದ ಹುಟ್ಟುವಂಥದು. ರಕ್ಷಕ-ಶಿಕ್ಷಕ ಸಂಘದ ಪದಾಧಿಕಾರಿಗಳು ಬದಲಾದಂತೆ ಅದರ ಹುರುಪೂ ಬದಲಾಗುತ್ತದೆ. ಶಾಲೆಯದೇ ಆದ, ಹೆಸರು-ವಿಳಾಸಗಳುಳ್ಳ ಪಟ್ಟಿ ಒಂದೇ. ಅದು ಕಳೆದುಹೋದರೆ ಹಣ ಕೊಟ್ಟು ಮರಳಿ ತರಲಾಗುವುದಿಲ್ಲ.

ಮೊದಲು ಆ ಪಟ್ಟಿ ಎಲ್ಲಿದೆ ಎಂದು ಹುಡುಕಬೇಕು. ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಹೊಸ ಕಂಪ್ಯೂಟರಿನಲ್ಲಿ ಇ-ಮೇಲ್ ಖಾತೆಯ ಗುಪ್ತಪದ ಕೊಟ್ಟೊಡನೆ ಹಳೆಯ ಪತ್ರಗಳೆಲ್ಲ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಏಕೆಂದರೆ ಪತ್ರಗಳಿರುವುದು ದೂರದ ಸರ್ವರಿನಲ್ಲಿ. ಐಮ್ಯಾಪ್ ಎಂಬ ವ್ಯವಸ್ಥೆಯು ಅವುಗಳನ್ನು ಎಲ್ಲಿಂದ ನೋಡಿದರೂ ಒಂದೇ ಬಗೆಯಾಗಿ ತೋರಿಸುತ್ತದೆ. ಪತ್ರ ಬಂದ ಮೇಲೆ ವಿಳಾಸಪುಸ್ತಿಕೆಯೂ ಬಂದಿರಬೇಕೆಂಬ ಭಾವನೆ ಸಹಜವೇ. ಆದರೆ ಥಂಡರ್‌ಬರ್ಡ್, ಔಟ್‌ಲುಕ್ ಮುಂತಾದ ತಂತ್ರಾಂಶಗಳ ವಿಳಾಸಪುಸ್ತಿಕೆ ಅನೇಕ ವೇಳೆ ಆ ಕಂಪ್ಯೂಟರಿನ ಹೊಟ್ಟೆಯೊಳಗೇ ಉಳಿದಿರುತ್ತದೆ. ಐಮ್ಯಾಪ್ ಅದನ್ನು ಮುಟ್ಟುವುದಿಲ್ಲ.

ಇನ್ನೊಂದು ಮರುಳೂ ಇದೆ. ಹಳೆಯ ಯಂತ್ರದಲ್ಲಿ ಒಂದು ಅಕ್ಷರ ಒತ್ತಿದೊಡನೆ ಪೂರ್ತಿ ವಿಳಾಸ ತಾನಾಗಿ ಮೂಡುತ್ತಿತ್ತಲ್ಲ, ಅದನ್ನು ಕಂಡು ಎಲ್ಲರೂ ವಿಳಾಸಪುಸ್ತಿಕೆಯಲ್ಲಿದ್ದಾರೆ ಎಂದು ನಂಬುತ್ತೇವೆ. ಔಟ್‌ಲುಕ್ಕಿನಲ್ಲಿ ಹೀಗೆ ಮೂಡುವುದು ಪ್ರತ್ಯೇಕವಾದೊಂದು ನೆನಪಿನ ಪಟ್ಟಿ; ಸಂಪರ್ಕಗಳನ್ನು ಹೊರತೆಗೆಯುವಾಗ ಅದು ಜೊತೆಯಲ್ಲಿ ಬರುವುದಿಲ್ಲ. ಥಂಡರ್‌ಬರ್ಡ್ ನಾವು ಪತ್ರ ಬರೆದವರ ವಿಳಾಸಗಳನ್ನು ‘ಕಲೆಕ್ಟೆಡ್ ಅಡ್ರೆಸಸ್’ ಎಂಬ ಎರಡನೆಯ ಪುಸ್ತಿಕೆಯಲ್ಲಿ ಸದ್ದಿಲ್ಲದೆ ಕೂಡಿಡುತ್ತದೆ. ಜಿಮೇಲ್ ಅವನ್ನು ‘ಅದರ್ ಕಾಂಟ್ಯಾಕ್ಟ್ಸ್’ ಎಂಬಲ್ಲಿ ಇಡುತ್ತದೆ. ಮುಖ್ಯ ಪುಸ್ತಿಕೆಯನ್ನಷ್ಟೇ ಹೊತ್ತು ತಂದರೆ ಈ ಎರಡನೆಯ ಸಾಲಿನವರೆಲ್ಲ ಹಿಂದೆ ಉಳಿದುಬಿಡುತ್ತಾರೆ. ಹೊರಡುವ ಮುನ್ನ ಅಲ್ಲಿಗೂ ಹೋಗಿ, ಬೇಕಾದವರನ್ನು ಆರಿಸಿ, ಮುಖ್ಯ ಪುಸ್ತಿಕೆಗೆ ಸೇರಿಸಿಕೊಳ್ಳಬೇಕು. ಅಂಗಡಿಯ ಜಾಹೀರಾತು, ಉತ್ತರ ಬೇಡದ ಸರ್ಕಾರಿ ಸ್ವಯಂಚಾಲಿತ ವಿಳಾಸಗಳು ಇವನ್ನೆಲ್ಲ ಅಲ್ಲಿಯೇ ಬಿಟ್ಟುಬರಬಹುದು.

ಮೂರನೆಯ ಜಾಗ ಎಕ್ಸೆಲ್ ಹಾಳೆ. ಶತಮಾನೋತ್ಸವ, ಸುವರ್ಣ ಮಹೋತ್ಸವಗಳ ಸಂದರ್ಭದಲ್ಲಿ ಯಾರೋ ಉತ್ಸಾಹಿ ಅಧ್ಯಾಪಕರು ಕುಳಿತು ಟೈಪು ಮಾಡಿದ ಪಟ್ಟಿ ಪ್ರತಿ ಶಾಲೆಯಲ್ಲಿಯೂ ಒಂದು ಇದ್ದೇ ಇರುತ್ತದೆ. ಅದರ ಕಥೆ ಬೇರೆ, ಮುಂದೆ ಹೇಳುತ್ತೇನೆ.

ವಿಳಾಸಗಳು ಜಿಮೇಲಿನಂಥ ಖಾತೆಯೊಳಗೇ ಇದ್ದರೆ ಸಾಗಿಸುವ ಪ್ರಶ್ನೆಯೇ ಏಳದು. ಹೊಸ ಯಂತ್ರದಲ್ಲಿ ಆ ಖಾತೆಯನ್ನು ತೆರೆದರೆ ಸಾಕು. ಆದರೆ ಅದು ಯಾರ ಖಾತೆ? ನಾನು ಕಂಡಂತೆ, ಬಹಳಷ್ಟು ಕಡೆ ಶಾಲೆಯ ಪತ್ರವ್ಯವಹಾರ ನಡೆಯುವುದು ಒಬ್ಬ ಅಧ್ಯಾಪಕರ ಅಥವಾ ಗುಮಾಸ್ತರ ಸ್ವಂತ ಖಾತೆಯಿಂದ. ಅವರು ನಿವೃತ್ತರಾದ ದಿನ ಶಾಲು ಹೊದಿಸಿ ಹಾರ ಹಾಕಿ ಕಳುಹಿಸಿಕೊಡುತ್ತೇವೆ, ಶಾಲೆಯ ಬಂಧುಬಳಗವೂ ಅವರ ಜೊತೆಗೆ ಗೇಟು ದಾಟುತ್ತದೆ. ಎರಡು ವರ್ಷ ಯಾರೂ ತೆರೆಯದ ಸ್ವಂತ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆಯಾದ್ದರಿಂದ, ಮುಂದೆಂದಾದರೂ ಕೇಳಿ ತರೋಣ ಎಂಬ ಧೈರ್ಯವೂ ಸಲ್ಲದು. ಶಾಲೆಯ ಹೆಸರಿನಲ್ಲಿ ಒಂದು ಖಾತೆಯಿರಲಿ. ಅದರ ಗುಪ್ತಪದ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ. ಅದರ ಮರುಪಡೆಯುವ ಫೋನ್ ಸಂಖ್ಯೆ ಈಗ ಶಾಲೆಯಲ್ಲಿರುವವರದ್ದಾಗಿರಲಿ.

ಇನ್ನು ಅಕ್ಷರದ ವಿಷಯ. ಇಂಗ್ಲಿಷಿನಲ್ಲಿ ಹೆಸರು ಬರೆಯುವ ಕಚೇರಿಗಳಿಗೆ ವಿಳಾಸಪುಸ್ತಿಕೆಯ ಸ್ಥಳಾಂತರ ಐದು ನಿಮಿಷದ ಕೆಲಸ. ನಾವು ಕನ್ನಡದಲ್ಲಿ ಬರೆಯುವವರಾದುದರಿಂದ ನಮಗೆ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಅದಕ್ಕಾಗಿ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸಿಡಿ ಎಂಬ ಸಲಹೆಯನ್ನು ಮಾತ್ರ ನಾನು ಕೊಡಲಾರೆ. ಕನ್ನಡದಲ್ಲಿ ‘ಕುಂಬಳೆ’ ಎಂದರೆ ಒಂದೇ. ರೋಮನ್ ಲಿಪಿಯಲ್ಲಿ ಒಬ್ಬರು ಅದನ್ನು ಕುಂಬ್ಳ ಎಂದು ಬರೆದರೆ ಇನ್ನೊಬ್ಬರು ಕುಂಬ್ಳೆ ಎನ್ನುತ್ತಾರೆ, ಮತ್ತೊಬ್ಬರು ಕುಂಬಳ ಎನ್ನುತ್ತಾರೆ. ಕ್ರಿಕೆಟಿಗ ಅನಿಲ್ ಕುಂಬ್ಳೆಯವರ ಹೆಸರಿನಲ್ಲಿರುವುದೂ ಇದೇ ಊರು ತಾನೆ! ಮಂಜೇಶ್ವರಕ್ಕೆ ಮಲಯಾಳದ ದಾಖಲೆಗಳಲ್ಲಿ ಒಂದು ‘ಅಂ’ ಸೇರಿ ಮಂಜೇಶ್ವರಂ ಆಗುತ್ತದೆ. ಮೂರು ಲಿಪಿಗಳ ನಡುವೆ ಬದುಕುವ ನಮಗೆ, ಸ್ವಂತ ಪಟ್ಟಿಯಲ್ಲಾದರೂ ಹೆಸರು ಕರೆಯುವಂತೆಯೇ ಇರಲಿ ಎಂಬ ಆಸೆ ಅತಿಯಾದುದೇನಲ್ಲ.

ಅಕ್ಷರಗಳು ದಾರಿಯಲ್ಲಿ ಹಾಳಾಗುವುದು ಹೇಗೆ? ‘ಲಕ್ಷ್ಮೀ’ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ. ಕಂಪ್ಯೂಟರಿಗೆ ಏಳು ಗುರುತುಗಳು: ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಈಕಾರ. ಈ ಒಂದೊಂದು ಗುರುತಿಗೂ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಒಂದೊಂದು ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಕ್ರಮಗಳಲ್ಲಿ ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಗುರುತೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಲಕ್ಷ್ಮೀ’ಗೆ ಇಪ್ಪತ್ತೊಂದು ಬೈಟು.

ವಿಂಡೋಸಿನ ಹಳೆಯ ಪದ್ಧತಿ ಇದಲ್ಲ. ಒಂದು ಬೈಟಿಗೆ ಒಂದು ಅಕ್ಷರವೆಂಬ ಲೆಕ್ಕದ ಆ ಪದ್ಧತಿಯಲ್ಲಿ ಪಶ್ಚಿಮ ಯುರೋಪಿನ ಲಿಪಿಗಳಿಗೆ ಜಾಗವಿದೆ, ಕನ್ನಡಕ್ಕಿಲ್ಲ. ಕೆಲವು ತಂತ್ರಾಂಶಗಳು ಪಟ್ಟಿಯನ್ನು ಹೊರತೆಗೆಯುವಾಗ ಇಂದಿಗೂ ಆ ಹಳೆಯ ಪದ್ಧತಿಯಲ್ಲಿಯೇ ಬರೆಯುತ್ತವೆ. ತಮಗೆ ಗೊತ್ತಿಲ್ಲದ ಗುರುತು ಬಂದಲ್ಲೆಲ್ಲ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತವೆ. ‘ಲಕ್ಷ್ಮೀ’ ಇದ್ದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳು. ‘ಸುಬ್ರಾಯ’ ಎಂಬುದರಲ್ಲಿಯೂ ಗುರುತುಗಳು ಏಳೇ. ಆದುದರಿಂದ ಅಲ್ಲಿಯೂ ಏಳು ಪ್ರಶ್ನಾರ್ಥಕ ಚಿಹ್ನೆಗಳು. ಲಕ್ಷ್ಮೀ ಯಾರು, ಸುಬ್ರಾಯ ಯಾರು ಎಂದು ಬ್ರಹ್ಮನೂ ಹೇಳಲಾರ. ಪಕ್ಕದಲ್ಲಿರುವ ಇ-ಮೇಲ್ ವಿಳಾಸವನ್ನು ನೋಡಿ ಊಹಿಸೋಣವೆಂದರೆ ಅದರಲ್ಲಿ ಮನೆಯ ಹೆಸರೋ ಮಗುವಿನ ಮುದ್ದಿನ ಹೆಸರೋ ಇರುತ್ತದೆ. ನಮ್ಮ ಜಿಲ್ಲೆಯ ಒಂದು ಅನುದಾನಿತ ಶಾಲೆಯಲ್ಲಿ ಹೀಗೆಯೇ ಆಯಿತು. ಹಳೆಯ ಯಂತ್ರ ಗುಜರಿಗೆ ಹೋದ ಬಳಿಕ ಪಟ್ಟಿ ತೆರೆದು ನೋಡಿದವರಿಗೆ ಕಂಡದ್ದು ಪುಟಗಟ್ಟಲೆ ಪ್ರಶ್ನೆಗಳು ಮಾತ್ರ.

ಇದರೊಡನೆ ಇನ್ನೊಂದು ಬಗೆಯ ಕೆಡುಕನ್ನು ಬೆರೆಸಿಕೊಳ್ಳಬಾರದು. ಕೆಲವೊಮ್ಮೆ ಕನ್ನಡದ ಬದಲಿಗೆ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’, ಅದರ ಪಕ್ಕ ಪುಟ್ಟ ‘2’ ಅಥವಾ ‘3’, ಮತ್ತೆ ಇನ್ನೇನೋ ಚಿಹ್ನೆ, ಹೀಗೆ ಮೂರು ಮೂರರ ಗುಂಪುಗಳು ಸಾಲುಗಟ್ಟಿ ಕಾಣುತ್ತವೆ. ನೋಡಲು ಇದು ಪ್ರಶ್ನಾರ್ಥಕ ಚಿಹ್ನೆಗಳಿಗಿಂತ ಭಯಂಕರ. ಆದರೆ ಇಲ್ಲಿ ಏನೂ ಕಳೆದುಹೋಗಿಲ್ಲ. ಕಡತದಲ್ಲಿ ಮೂರು ಬೈಟಿನ ಕನ್ನಡ ಸುರಕ್ಷಿತವಾಗಿದೆ. ಓದುವ ತಂತ್ರಾಂಶವು ಅದನ್ನು ಒಂದೊಂದೇ ಬೈಟಾಗಿ ಬಿಡಿಸಿ ಓದುತ್ತಿದೆ, ಅಷ್ಟೆ. ಸರಿಯಾದ ಕ್ರಮದಲ್ಲಿ ಮತ್ತೆ ತೆರೆದರೆ ಹೆಸರುಗಳು ಹಾಗೆಯೇ ಎದ್ದು ನಿಲ್ಲುತ್ತವೆ. ಹಳೆಯ ಮೊಬೈಲುಗಳಿಂದ ತೆಗೆದ ಕಡತಗಳಲ್ಲಿ ಸಮಚಿಹ್ನೆಗಳ ನಡುವೆ ಎರಡೆರಡು ಅಂಕೆ-ಅಕ್ಷರಗಳು ಕಂಡರೂ ಹಾಗೆಯೇ, ಗಾಬರಿ ಬೇಡ. ಪ್ರಶ್ನಾರ್ಥಕ ಚಿಹ್ನೆ ಕಂಡಾಗ ಮಾತ್ರ ಕೆಲಸ ನಿಲ್ಲಿಸಿ ಹಳೆಯ ಕಂಪ್ಯೂಟರಿಗೆ ಮರಳಬೇಕು. ಆ ಕಡತದಿಂದ ಹೆಸರನ್ನು ಯಾರೂ ಬದುಕಿಸಲಾರರು.

ಹಾಗಾದರೆ ಯಾವ ರೂಪದಲ್ಲಿ ಹೊರತೆಗೆಯಬೇಕು? ಎರಡು ರೂಪಗಳು ಬಳಕೆಯಲ್ಲಿವೆ. ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿ. ವಿಕಾರ್ಡ್ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಭೇಟಿಚೀಟಿಯಿದ್ದಂತೆ. ಅದರ ಕಡತದ ಹೆಸರು ವಿಸಿಎಫ್ ಎಂದು ಕೊನೆಗೊಳ್ಳುತ್ತದೆ. 2011ರ ನಾಲ್ಕನೆಯ ಆವೃತ್ತಿಯಿಂದ ವಿಕಾರ್ಡಿಗೆ ಯುಟಿಎಫ್-8 ಕಡ್ಡಾಯ. ಎರಡೂ ಕಡೆ ವಿಕಾರ್ಡ್ ಒಪ್ಪುವ ತಂತ್ರಾಂಶವಿದ್ದರೆ ನಾನು ಅದನ್ನೇ ಆರಿಸುವೆ. ಪಟ್ಟಿಯನ್ನು ನಡುವೆ ತಿದ್ದಬೇಕಾಗಿದ್ದರೆ ಸಿಎಸ್‌ವಿ ಅನುಕೂಲ.

ಥಂಡರ್‌ಬರ್ಡಿನಲ್ಲಿ ವಿಳಾಸಪುಸ್ತಿಕೆಯ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಎಕ್ಸ್‌ಪೋರ್ಟ್’ ಆರಿಸಬೇಕು. ಅಲ್ಲಿ ಸಿಎಸ್‌ವಿಗೆ ಎರಡು ಆಯ್ಕೆಗಳು ಕಾಣುತ್ತವೆ, ಒಂದು ‘ಸಿಸ್ಟಮ್ ಚಾರ್‌ಸೆಟ್’, ಇನ್ನೊಂದು ‘ಯುಟಿಎಫ್-8’. ಎರಡನೆಯದೇ ನಮ್ಮದು. ಎರಡು ಪುಸ್ತಿಕೆಗಳಿದ್ದರೆ ಒಂದಾದ ಮೇಲೊಂದರಂತೆ ಎರಡನ್ನೂ ತೆಗೆಯಬೇಕು. ಹಳೆಯದರಲ್ಲಿಯೂ ಹೊಸದರಲ್ಲಿಯೂ ಥಂಡರ್‌ಬರ್ಡೇ ಇದ್ದರೆ ಇಷ್ಟು ಕಷ್ಟವೂ ಬೇಡ. 2022ರ ನಂತರದ ಆವೃತ್ತಿಗಳಲ್ಲಿ ‘ಟೂಲ್ಸ್’ ಪಟ್ಟಿಯ ‘ಎಕ್ಸ್‌ಪೋರ್ಟ್’ ಮೂಲಕ ಖಾತೆ, ಪತ್ರ, ವಿಳಾಸಗಳನ್ನೆಲ್ಲ ಒಂದೇ ಜಿಪ್ ಕಡತವಾಗಿ ಕಟ್ಟಿ ಒಯ್ಯಬಹುದು. ಗಾತ್ರ ಎರಡು ಜಿಬಿಯೊಳಗೆ ಇರಬೇಕು.

ಜಿಮೇಲಿನಿಂದ ತೆಗೆಯುವಾಗ ಗೂಗಲ್ ಸಿಎಸ್‌ವಿ, ಔಟ್‌ಲುಕ್ ಸಿಎಸ್‌ವಿ, ವಿಕಾರ್ಡ್ ಎಂದು ಮೂರು ಆಯ್ಕೆಗಳು ದೊರೆಯುತ್ತವೆ. ಎಲ್ಲಿಗೆ ಒಯ್ಯುತ್ತೀರೋ ಅದಕ್ಕೆ ತಕ್ಕುದನ್ನು ಆರಿಸಿದರಾಯಿತು.

ಕಷ್ಟವಿರುವುದು ಹಳೆಯ ಔಟ್‌ಲುಕ್ಕಿನಲ್ಲಿ. ‘ಫೈಲ್’, ‘ಓಪನ್ ಆಂಡ್ ಎಕ್ಸ್‌ಪೋರ್ಟ್’, ‘ಇಂಪೋರ್ಟ್/ಎಕ್ಸ್‌ಪೋರ್ಟ್’ ಎಂಬ ದಾರಿಯಲ್ಲಿ ಹೋದರೆ ಸಿಎಸ್‌ವಿ ಮತ್ತು ಪಿಎಸ್‌ಟಿ ಎಂಬೆರಡು ಬಾಗಿಲುಗಳಿವೆ. ಕನ್ನಡದ ಹೆಸರುಗಳನ್ನು ಪ್ರಶ್ನಾರ್ಥಕ ಚಿಹ್ನೆಗಳನ್ನಾಗಿ ಮಾಡುವ ಬಾಗಿಲು ಆ ಮೊದಲನೆಯದೇ. ಹೊಸ ಯಂತ್ರದಲ್ಲಿಯೂ ಹಳೆಯ ಮಾದರಿಯ ಔಟ್‌ಲುಕ್ ಇದ್ದರೆ ಪಿಎಸ್‌ಟಿಯನ್ನು ಆರಿಸಿಕೊಳ್ಳಿ. ಬೇರೆ ತಂತ್ರಾಂಶಕ್ಕೆ ಹೋಗಬೇಕಾಗಿದ್ದರೆ ಇನ್ನೊಂದು ಉಪಾಯವಿದೆ. ಸಂಪರ್ಕಗಳನ್ನು ಪಟ್ಟಿಯ ರೂಪದಲ್ಲಿ ತೋರಿಸುವಂತೆ ಮಾಡಿ, ಇ-ಮೇಲಿನ ಕಾಲಂ ಕಾಣುತ್ತಿದೆಯೇ ಎಂದು ನೋಡಿಕೊಂಡು, ಎಲ್ಲವನ್ನೂ ಆರಿಸಿ ನಕಲು ಮಾಡಿ ಎಕ್ಸೆಲ್ ಹಾಳೆಗೆ ಅಂಟಿಸುವುದು. ಆ ಹಾಳೆಯನ್ನು ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯನ್ನೇ ಆರಿಸಬೇಕು. ಬರಿಯ ‘ಸಿಎಸ್‌ವಿ’ ಎಂಬುದೂ ಅದರ ಹತ್ತಿರವೇ ಇರುತ್ತದೆ. ಅದನ್ನು ಆರಿಸಿದರೆ ಮತ್ತೆ ಪ್ರಶ್ನಾರ್ಥಕ ಚಿಹ್ನೆಗಳೇ.

ಎಕ್ಸೆಲಿನ ಬಗೆಗೆ ಇನ್ನೊಂದು ಮಾತು. ಸಿಎಸ್‌ವಿ ಕಡತದ ಮೇಲೆ ಎರಡು ಬಾರಿ ಒತ್ತಿ ನೇರವಾಗಿ ತೆರೆದರೆ ಅದು ದೂರವಾಣಿ ಸಂಖ್ಯೆಗಳನ್ನು ಗಣಿತದ ಸಂಖ್ಯೆಗಳೆಂದು ಭಾವಿಸುತ್ತದೆ. ಕಾಸರಗೋಡಿನ 04994, ಮಂಜೇಶ್ವರದ 04998 ಇವುಗಳ ಮುಂದಿನ ಸೊನ್ನೆ ಬಿದ್ದುಹೋಗುತ್ತದೆ. 91 ಸೇರಿಸಿದ ಹನ್ನೆರಡು ಅಂಕೆಯ ಮೊಬೈಲ್ ಸಂಖ್ಯೆಯು 9.19 ಎಂದು ಆರಂಭವಾಗುವ ವೈಜ್ಞಾನಿಕ ರೂಪಕ್ಕೆ ತಿರುಗುತ್ತದೆ. ನೋಡಿ ಮುಚ್ಚಿದರೆ ಹಾನಿಯಿಲ್ಲ. ಅದೇ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಉಳಿಸಿದಿರೋ, ಸಂಖ್ಯೆಯ ಕೊನೆಯ ಅಂಕೆಗಳು ಶಾಶ್ವತವಾಗಿ ಹೋದವು. ಈ ವಿಷಯದಲ್ಲಿ ನಮ್ಮ ಶಾಲೆಗಳಿಗೆ ಒಂದು ಅನುಕೂಲವಿದೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಅಳವಡಿಸಿರುವ ಲಿನಕ್ಸಿನಲ್ಲಿ ಲಿಬ್ರೆ ಆಫೀಸ್ ಇದೆ. ಅದರ ‘ಕ್ಯಾಲ್ಕ್’ ಸಿಎಸ್‌ವಿಯನ್ನು ತೆರೆಯುವ ಮೊದಲೇ ಒಂದು ಕಿಟಕಿಯಲ್ಲಿ ಅಕ್ಷರಕ್ರಮ ಯಾವುದೆಂದು ಕೇಳುತ್ತದೆ. ಅಲ್ಲಿ ಯುಟಿಎಫ್-8 ಆರಿಸಿ, ಕೆಳಗೆ ಕಾಣುವ ದೂರವಾಣಿಯ ಕಾಲಮನ್ನು ‘ಟೆಕ್ಸ್ಟ್’ ಎಂದು ಗುರುತಿಸಿದರೆ ಹೆಸರೂ ಉಳಿಯುತ್ತದೆ, ಸೊನ್ನೆಯೂ ಉಳಿಯುತ್ತದೆ. ಪಟ್ಟಿಯನ್ನು ತಿದ್ದುವ ಕೆಲಸವನ್ನು ನಾನಾದರೆ ಅಲ್ಲಿಯೇ ಮಾಡುವೆ.

ಈಗ ಆ ಹಳೆಯ ಉತ್ಸಾಹಿ ಅಧ್ಯಾಪಕರ ಎಕ್ಸೆಲ್ ಹಾಳೆಗೆ ಬರೋಣ. 2000ದ ದಶಕದ ಪಟ್ಟಿಯಾಗಿದ್ದರೆ ಅದು ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಶೈಲಿಯಲ್ಲಿರುವ ಸಾಧ್ಯತೆಯೇ ಹೆಚ್ಚು. ಅವು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಉಪಾಯಗಳು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಕಂಪ್ಯೂಟರಿನಲ್ಲಿ ಬದುಕಿಸಿದ್ದು ಇವೇ, ಅದನ್ನು ಮರೆಯುವಂತಿಲ್ಲ. ಆದರೆ ಸಿಎಸ್‌ವಿಯಲ್ಲಾಗಲೀ ವಿಕಾರ್ಡಿನಲ್ಲಾಗಲೀ ಅಕ್ಷರಶೈಲಿಯನ್ನು ಹೇಳುವ ಜಾಗವೇ ಇಲ್ಲ. ಶೈಲಿ ಕಳಚಿದೊಡನೆ ಒಳಗಿನ ರೋಮನ್ ಅಕ್ಷರಗಳ ಗೊಂದಲ ಹೊರಬೀಳುತ್ತದೆ. ಇದೂ ಸತ್ತ ಪಟ್ಟಿಯಲ್ಲ. ಹಾಳೆಯನ್ನು ಸಾಗಿಸುವ ಮೊದಲು ನುಡಿ ಅಥವಾ ಬರಹ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಹೆಸರಿನ ಕಾಲಮನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಇ-ಮೇಲಿನ ಕಾಲಮನ್ನು ಮಾತ್ರ ಪರಿವರ್ತಕಕ್ಕೆ ಕೊಡಬೇಡಿ. ಅದು ನಿಜವಾಗಿಯೂ ಇಂಗ್ಲಿಷಿನಲ್ಲಿದೆ, ಪರಿವರ್ತಕ ಅದನ್ನೂ ಕನ್ನಡ ಮಾಡಿಬಿಡುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪರಿವರ್ತಕ ಪುಟಗಳಿಗೆ ಪೂರ್ತಿ ಪಟ್ಟಿಯನ್ನು ಏರಿಸುವುದೂ ಬೇಡ. ನೂರಾರು ತಾಯಂದಿರ ದೂರವಾಣಿ ಸಂಖ್ಯೆ ಅದರಲ್ಲಿದೆ.

ಪಟ್ಟಿ ಹೊಸ ಯಂತ್ರದೊಳಗೆ ಸೇರುವಾಗ ಕಾಲಮುಗಳ ಪ್ರಶ್ನೆ ಏಳುತ್ತದೆ. ಈ ತಂತ್ರಾಂಶಗಳನ್ನು ರೂಪಿಸಿದವರಿಗೆ ಹೆಸರೆಂದರೆ ‘ಮೊದಲ ಹೆಸರು’ ಮತ್ತು ‘ಕೊನೆಯ ಹೆಸರು’. ನಮ್ಮಲ್ಲಿ ಮನೆಯ ಹೆಸರು ಮೊದಲು ಬರುತ್ತದೆ, ತಂದೆಯ ಹೆಸರು ಒಂದು ಅಕ್ಷರವಾಗಿ ಕುಗ್ಗಿರುತ್ತದೆ, ಹಲವರಿಗೆ ಕುಲನಾಮವೇ ಇರುವುದಿಲ್ಲ. ‘ಅಬ್ದುಲ್ಲ’ನಿಗೂ ‘ಖದೀಜ’ಳಿಗೂ ಕೊನೆಯ ಹೆಸರು ಯಾವುದೆಂದು ತಂತ್ರಾಂಶ ಕೇಳಿದರೆ ಏನು ಹೇಳುವುದು? ಇನ್ನೊಂದೆಡೆ ಕೊನೆಯ ಹೆಸರಿನ ಪ್ರಕಾರ ಜೋಡಿಸಿದರೆ ಭಟ್ಟರೂ ಶೆಟ್ಟರೂ ಒಂದೊಂದು ದೊಡ್ಡ ಗುಂಪಾಗಿ ನಿಂತುಬಿಡುತ್ತಾರೆ. ಕರೆಯುವ ಹೆಸರನ್ನು ಪೂರ್ತಿಯಾಗಿ ಮೊದಲ ಕಾಲಮಿನಲ್ಲಿಯೇ ಬರೆದು ಎರಡನೆಯದನ್ನು ಖಾಲಿ ಬಿಡುವುದು ಒಳ್ಳೆಯದು. ಮನೆ, ಊರು, ಕಲಿತು ಹೊರಟ ವರ್ಷ ಇವನ್ನು ಟಿಪ್ಪಣಿಯ ಕಾಲಮಿನಲ್ಲಿ ಸೇರಿಸಿ. ಒಂದೇ ಹೆಸರಿನ ನಾಲ್ವರನ್ನು ಬೇರ್ಪಡಿಸುವುದು ಕೊನೆಗೆ ಈ ಟಿಪ್ಪಣಿಯೇ.

ಗುಂಪುಗಳ ಬಗೆಗೂ ಎಚ್ಚರ ಬೇಕು. ‘ಕಾರ್ಯಕಾರಿ ಸಮಿತಿ’, ‘ಏಳನೆಯ ತರಗತಿಯ ಹೆತ್ತವರು’ ಎಂದು ಔಟ್‌ಲುಕ್ಕಿನಲ್ಲಿ ಮಾಡಿಟ್ಟ ಗುಂಪುಗಳು ಸಿಎಸ್‌ವಿಯ ಮೂಲಕ ಬರುವುದಿಲ್ಲ. ಹಾಳೆಯಲ್ಲಿ ಗುಂಪಿನ ಹೆಸರಿಗೊಂದು ಕಾಲಂ ಮಾಡಿ ಬರೆದಿಟ್ಟುಕೊಂಡರೆ ಹೊಸದರಲ್ಲಿ ಮತ್ತೆ ಕಟ್ಟಲು ಅರ್ಧ ಗಂಟೆ ಸಾಕು.

ಎಲ್ಲವೂ ಬಂದಿದೆಯೇ ಎಂದು ನೋಡುವ ಕ್ರಮ ಸರಳವಾದುದು. ಹಳೆಯದರಲ್ಲಿ ಎಷ್ಟು ಹೆಸರುಗಳಿದ್ದವು, ಹೊಸದರಲ್ಲಿ ಎಷ್ಟಿವೆ ಎಂಬ ಎಣಿಕೆ ಮೊದಲು. ಬಳಿಕ ಒತ್ತಕ್ಷರವಿರುವ ಹತ್ತು ಹೆಸರುಗಳನ್ನು ಆರಿಸಿ ಕಣ್ಣಾರೆ ನೋಡಬೇಕು. ‘ರಾಜ್‌ಕುಮಾರ್’ ಎಂಬಂತಹ ಹೆಸರುಗಳನ್ನು ವಿಶೇಷವಾಗಿ ಗಮನಿಸಿ. ಅದರ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿದ್ದು, ಅದು ದಾರಿಯಲ್ಲಿ ಉದುರಿದರೆ ‘ರಾಜ್ಕುಮಾರ್’ ಆಗುತ್ತದೆ. ಹೆಸರು ಕಳೆಯದಿದ್ದರೂ ಹುಡುಕುವಾಗ ಸಿಗುವುದಿಲ್ಲ. ಕನ್ನಡದ ಹೆಸರುಗಳು ಇಂಗ್ಲಿಷಿನವುಗಳ ಕೆಳಗೆ ಬಂದು ನಿಲ್ಲುವುದುಂಟು. ಪಟ್ಟಿಯ ತುದಿಯವರೆಗೂ ಇಳಿಯದೆ ಹೆಸರುಗಳು ಮಾಯವಾದುವೆಂದು ತೀರ್ಮಾನಿಸಬೇಡಿ.

ಆಮೇಲೆ ಎಲ್ಲರಿಗೂ ಒಂದು ಸಣ್ಣ ಪತ್ರ. ‘ಶಾಲೆಯ ಕಂಪ್ಯೂಟರ್ ಬದಲಾಗಿದೆ, ನಿಮ್ಮ ವಿಳಾಸ ಇದೇ ತಾನೆ?’ ಎಂದಷ್ಟೇ ಕೇಳಿದರೂ ಸಾಕು. ಈ ಪತ್ರಕ್ಕೆ ವಿಳಾಸಗಳನ್ನು ‘ಬಿಸಿಸಿ’ ಎಂಬ ಜಾಗದಲ್ಲಿಯೇ ಹಾಕಬೇಕು. ಹಾಗೆ ಮಾಡದಿದ್ದರೆ ಒಬ್ಬರ ವಿಳಾಸ ಉಳಿದವರಿಗೆಲ್ಲ ಕಾಣುತ್ತದೆ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಗಿಂತ ಹೆಚ್ಚಿನವರಿಗೆ ಕಳುಹಿಸಲಾಗದಾದ್ದರಿಂದ ದೊಡ್ಡ ಪಟ್ಟಿಯಾದರೆ ಎರಡು ದಿನ ತೆಗೆದುಕೊಳ್ಳಿ. ಹಿಂದಿರುಗಿ ಬರುವ ಪತ್ರಗಳಿಂದ ಯಾವ ವಿಳಾಸ ಸತ್ತಿದೆಯೆಂದು ತಿಳಿಯುತ್ತದೆ. ಉತ್ತರಿಸುವವರಲ್ಲಿ ಕೆಲವರಾದರೂ ವರ್ಷಗಳಿಂದ ಶಾಲೆಯ ಸುದ್ದಿ ಕೇಳದವರಿರುತ್ತಾರೆ. ಅವರ ಉತ್ತರ ಎರಡು ಸಾಲಿಗಿಂತ ಉದ್ದವಾಗಿಯೇ ಇರುತ್ತದೆ.

ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಮಕ್ಕಳಿದ್ದಾರೆ. ಇಂತಹ ಕೆಲಸದಲ್ಲಿ ಅವರ ಕೈಚಳಕ ನಮಗಿಂತ ಮೇಲು, ಒಪ್ಪತಕ್ಕದ್ದೇ. ಮಾದರಿ ಪಟ್ಟಿಯೊಂದರ ಮೇಲೆ ಅವರಿಂದ ಅಭ್ಯಾಸ ಮಾಡಿಸಿ, ಹೆತ್ತವರು ಅವರಿಂದ ಕಲಿಯಲಿ. ನಿಜವಾದ ಪಟ್ಟಿಯನ್ನು ಮಾತ್ರ ಹಿರಿಯರೇ ನಿರ್ವಹಿಸಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಅಂಗೀಕರಿಸಿದೆ. ಹದಿನೆಂಟು ತುಂಬದವರ ಮಾಹಿತಿಗೆ ಅದರಲ್ಲಿ ಹೆಚ್ಚಿನ ರಕ್ಷಣೆಯಿದೆ. ಪಟ್ಟಿಯ ಕಡತವನ್ನು ವಾಟ್ಸಾಪ್ ಗುಂಪಿಗೆ ಹಾಕಿ ‘ಯಾರಾದರೂ ಸರಿಮಾಡಿ ಕೊಡಿ’ ಎನ್ನುವ ರೂಢಿ ನಿಲ್ಲಬೇಕು.

ಹಳೆಯ ಯಂತ್ರವನ್ನು ಕನಿಷ್ಠ ಒಂದು ಅವಧಿ, ಎಂದರೆ ಓಣಂ ರಜೆಯಿಂದ ಕ್ರಿಸ್ಮಸ್ ರಜೆಯವರೆಗಾದರೂ ಹಾಗೆಯೇ ಇಟ್ಟಿರಿ. ಬಿಟ್ಟುಹೋದುದು ನೆನಪಾಗುವುದು ನಿಧಾನವಾಗಿ. ಆ ಬಳಿಕ ಅದನ್ನು ಯಾರಿಗಾದರೂ ಕೊಡುವುದಾದರೆ ಕಡತಗಳನ್ನು ಕಸದ ಬುಟ್ಟಿಗೆ ಎಳೆದು ಹಾಕಿದರೆ ಸಾಲದು, ತಿಳಿದವರು ಅವನ್ನು ಮತ್ತೆ ಎತ್ತಬಲ್ಲರು. ವಿಂಡೋಸಿನ ‘ರೀಸೆಟ್’ ವ್ಯವಸ್ಥೆಯಲ್ಲಿ ಎಲ್ಲವನ್ನೂ ತೆಗೆದುಹಾಕಿ ಡಿಸ್ಕನ್ನು ಶುಚಿಗೊಳಿಸುವ ಆಯ್ಕೆಯಿದೆ, ಅದನ್ನು ಬಳಸಿ. ವಿಳಾಸಗಳ ಒಂದು ವಿಕಾರ್ಡ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ, ಒಂದು ಮುದ್ರಿತ ಪ್ರತಿಯನ್ನು ಕಾಗದದಲ್ಲಿ, ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ಆ ಲಕೋಟೆಯ ಜೊತೆಗೇ ಇಟ್ಟು ಮೇಲೆ ದಿನಾಂಕ ಬರೆಯಿರಿ.

ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಬಗೆಯನ್ನು ಮುಂದಿನ ವಾರ ವಿವರವಾಗಿ ನೋಡೋಣ.